ಎಳ್ಳು ಚೆಲ್ಲಿದಂಥ ಕಡಲ ತೀರಗಳು

ಕಡಲ ತೀರದ ಚಿತ್ರ ಬರೆಯಿರಿ ಎಂದು ಮಕ್ಕಳ ಕೈಗೆ ಬಣ್ಣದ ಪೆಟ್ಟಿಗೆ ಕೊಟ್ಟು ನೋಡಿ. ಆಕಾಶಕ್ಕೆ ಒಂದು ನೀಲಿ, ನೀರಿಗೆ ಇನ್ನೊಂದು ನೀಲಿ, ತೆಂಗಿನ ಮರಕ್ಕೆ ಹಸಿರು. ಮರಳಿಗೆ? ಎಲ್ಲರೂ ಹಳದಿಯನ್ನೇ ಎತ್ತಿಕೊಳ್ಳುತ್ತಾರೆ. ಮರಳಿಗೆ ಕಪ್ಪು ಬಣ್ಣ ಹಚ್ಚಿದ ಮಗುವನ್ನು ನಾನಂತೂ ಇದುವರೆಗೆ ನೋಡಿಲ್ಲ. ಆದರೆ ಹಾಗೆ ಹಚ್ಚಿದರೆ ತಪ್ಪೇನೂ ಇಲ್ಲ. ಇದ್ದಿಲ ಪುಡಿಯಂತೆ, ಎಳ್ಳಿನ ರಾಶಿಯಂತೆ ಕಪ್ಪಗಿರುವ ಮರಳ ತೀರಗಳು ಈ ಭೂಮಿಯ ಮೇಲೆ ಎಷ್ಟೋ ಇವೆ. ಅವುಗಳಲ್ಲಿ ಕೆಲವನ್ನು ನೋಡುವ ಭಾಗ್ಯ ನನಗೆ ಸಿಕ್ಕಿದೆ.

ನಾನೇನು ದೊಡ್ಡ ಪ್ರವಾಸಿಗನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬೇರೆಯವರ ಹಣ ಎಣಿಸುತ್ತಾ, ಲೆಡ್ಜರಿನಲ್ಲಿ ಜಮಾ-ಖರ್ಚು ಬರೆಯುತ್ತಾ ನಿವೃತ್ತನಾದೆ. ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಲಂಡನ್ನಿನಲ್ಲಿ. ಹೀಗಾಗಿ ಎಪ್ಪತ್ತು ದಾಟುವ ಹೊತ್ತಿಗೆ ನನ್ನ ಮತ್ತು ನಮ್ಮಾಕೆಯ ಪಾಸ್‌ಪೋರ್ಟಿನಲ್ಲಿ ಒಂದಷ್ಟು ಮುದ್ರೆಗಳು ಬಿದ್ದವು. ಆದರೆ ಕಪ್ಪು ಮರಳಿನ ನಂಟು ಶುರುವಾದದ್ದು ವಿದೇಶದಲ್ಲಲ್ಲ. ನಮ್ಮದೇ ಕಾರವಾರದಲ್ಲಿ.

ಎಳ್ಳಿನ ಹೆಸರಿನ ತೀರ

ಎಂಬತ್ತರ ದಶಕದಲ್ಲಿ ನನಗೆ ಕಾರವಾರಕ್ಕೆ ವರ್ಗವಾಯಿತು. ಆಗ ಕೊಂಕಣ ರೈಲು ಇರಲಿಲ್ಲ. ಭಾನುವಾರ ಬಂದರೆ ಸಹೋದ್ಯೋಗಿಗಳೆಲ್ಲ ಸೇರಿ ಎಲ್ಲಾದರೂ ಸುತ್ತಲು ಹೋಗುತ್ತಿದ್ದೆವು. ಒಮ್ಮೆ ನಮ್ಮ ಕೌಂಟರಿಗೆ ಬರುತ್ತಿದ್ದ ಮೀನುಗಾರರೊಬ್ಬರು, "ತಿಳಮಾತಿ ನೋಡಿದ್ದೀರಾ ಸಾರ್?" ಎಂದು ಕೇಳಿದರು. ಹೆಸರೇ ಹೊಸದು. ಮುಂದಿನ ಭಾನುವಾರ ಹೊರಟೇಬಿಟ್ಟೆವು.

ಕಾಳಿ ನದಿ ದಾಟಿ, ಗೋವಾ ಗಡಿಯ ಕಡೆ ಹೋದರೆ ಮಾಜಾಳಿ ಸಿಗುತ್ತದೆ. ಮಾಜಾಳಿಯ ಬೀಚು ನಾವೆಲ್ಲ ಬಲ್ಲ ಬೀಚುಗಳಂತೆಯೇ ತಿಳಿಬಣ್ಣದ್ದು. ಅದರ ಉತ್ತರದ ತುದಿಯಲ್ಲಿ ಒಂದು ಗುಡ್ಡ. ಎಡಕ್ಕೆ ಸಮುದ್ರ ನೋಡಿಕೊಂಡು, ಕಲ್ಲು-ಪೊದೆಗಳ ನಡುವೆ ಆ ಗುಡ್ಡ ಹತ್ತಿ ಇಳಿದರೆ ಒಂದು ಪುಟ್ಟ ಕೊಲ್ಲಿ. ಅಲ್ಲಿ ಕಾಲಿಟ್ಟಾಗ ನಮ್ಮಲ್ಲೊಬ್ಬರು "ಅಯ್ಯೋ, ಯಾರೋ ಎಳ್ಳಿನ ಮೂಟೆ ಸುರಿದುಬಿಟ್ಟಿದ್ದಾರೆ!" ಎಂದರು. ಹೆಸರಿನ ಅರ್ಥವೂ ಅದೇ. ಕೊಂಕಣಿಯಲ್ಲಿ ‘ತೀಳ’ ಎಂದರೆ ಎಳ್ಳು, ‘ಮಾತಿ’ ಎಂದರೆ ಮಣ್ಣು. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಸಂಕ್ರಾಂತಿಯ ಎಳ್ಳನ್ನು ಕಣ್ಣ ಮುಂದೆ ಇಟ್ಟುಕೊಂಡೇ ಇಟ್ಟಿರಬೇಕು. ಮುಷ್ಟಿಯಲ್ಲಿ ಹಿಡಿದು ಬೆರಳ ಸಂದಿಯಿಂದ ಬಿಟ್ಟರೆ ಕರಿ ಎಳ್ಳೇ ಉದುರಿದಂತೆ. ಸುತ್ತಲಿನ ಕಪ್ಪು ಬಂಡೆಗಳನ್ನು ಅಲೆಗಳು ಬಡಿದು, ತೇಯ್ದು, ಉರುಟಿಸಿ ಮಾಡಿದ ಎಳ್ಳು ಅದು.

ಒಂದೇ ಗುಡ್ಡದ ಈಚೆ ಬಿಳಿ, ಆಚೆ ಕಪ್ಪು! ಇದು ಹೇಗೆ ಎಂಬ ಪ್ರಶ್ನೆ ಅಂದು ತಲೆಗೆ ಹೊಕ್ಕಿತು. ಬಿ.ಕಾಂ. ಓದಿದವನಿಗೆ ಕಲ್ಲು-ಮಣ್ಣಿನ ಶಾಸ್ತ್ರ ಎಲ್ಲಿ ಗೊತ್ತು? ನಿವೃತ್ತಿಯಾದ ಮೇಲೆ ಬಿಡುವು ಸಿಕ್ಕಿತು. ಓದಿದೆ, ಕೇಳಿದೆ, ಹೋಗಿ ನೋಡಿದೆ. ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ಮರಳು ಕಪ್ಪಾಗುವ ಮೂರು ದಾರಿ

ಮೊದಲು ಒಂದು ಮಾತು. ಮರಳು ಎಂದರೆ ಪುಡಿಯಾದ ಕಲ್ಲು, ಕೆಲವು ಕಡೆ ಪುಡಿಯಾದ ಚಿಪ್ಪು. ಅಪ್ಪ-ಅಮ್ಮನ ಬಣ್ಣ ಮಕ್ಕಳಿಗೆ ಬರುವಂತೆ ಕಲ್ಲಿನ ಬಣ್ಣವೇ ಮರಳಿಗೂ ಬರುತ್ತದೆ. ಪಶ್ಚಿಮ ಘಟ್ಟದ ಕಲ್ಲು ಸವೆದು, ಹೊಳೆಗಳಲ್ಲಿ ಉರುಳಿ ಸಮುದ್ರ ಸೇರುವಾಗ ಅದರೊಳಗಿನ ಗಟ್ಟಿ ಖನಿಜವಾದ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, ಕೊನೆಯವರೆಗೂ ಉಳಿಯುತ್ತದೆ. ಅದು ತಿಳಿಬಣ್ಣದ್ದು. ಆದ್ದರಿಂದ ನಮ್ಮ ಹೆಚ್ಚಿನ ಬೀಚುಗಳು ಹೊಂಬಣ್ಣಕ್ಕಿವೆ.

ಕಪ್ಪಾಗಲು ಮೂರು ದಾರಿಗಳಿವೆ. ಒಂದು, ಬೆಂಕಿಯ ದಾರಿ. ಜ್ವಾಲಾಮುಖಿಯಿಂದ ಹರಿದ ಲಾವಾರಸ ನೇರವಾಗಿ ಸಮುದ್ರಕ್ಕೆ ಬಿದ್ದಾಗ ಏನಾಗುತ್ತದೆ? ಬಿಸಿ ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಚಟ್ಟೆಂದು ಒಡೆಯುತ್ತದಲ್ಲ, ಹಾಗೆಯೇ. ಸಾವಿರ ಡಿಗ್ರಿಗೂ ಹೆಚ್ಚು ಕಾದ ಲಾವಾ ನೀರು ತಾಗಿದ ಕೂಡಲೇ ಸಿಡಿದು ಚೂರುಚೂರಾಗುತ್ತದೆ. ಆ ಚೂರುಗಳನ್ನು ಅಲೆ ದಡಕ್ಕೆ ತಂದು ಹಾಕುತ್ತದೆ. ಕೆಲವೇ ವಾರಗಳಲ್ಲಿ ಹೊಸ ಕಪ್ಪು ಬೀಚು ಸಿದ್ಧ!

ಎರಡನೆಯದು ತಾಳ್ಮೆಯ ದಾರಿ. ಯಾವತ್ತೋ ತಣ್ಣಗಾದ ಕಪ್ಪು ಕಲ್ಲನ್ನು, ಬೂದಿಯನ್ನು ಅಲೆ, ಹೊಳೆ, ಹಿಮನದಿಗಳು ಅರೆದು ಅರೆದು ಮರಳು ಮಾಡುತ್ತವೆ. ಐಸ್‌ಲ್ಯಾಂಡಿನದು ಬಹುಪಾಲು ಹೀಗೆ. ಕಪ್ಪು ಬಂಡೆಯನ್ನು ಅಲೆಯೇ ಅರೆದ ನಮ್ಮ ತಿಳಮಾತಿಯೂ ಇದೇ ದಾರಿಯದು.

ಮೂರನೆಯದನ್ನು ಅಜ್ಜಿಯರು ಚೆನ್ನಾಗಿ ಬಲ್ಲರು. ಅದು ಮೊರದ ದಾರಿ. ಅಕ್ಕಿ ಕೇರುವಾಗ ಹಗುರವಾದ ಹೊಟ್ಟು ಹಾರಿಹೋಗುತ್ತದೆ, ತೂಕದ್ದು ಮೊರದಲ್ಲೇ ಉಳಿಯುತ್ತದೆ. ಸಮುದ್ರವೂ ಹಗಲು-ರಾತ್ರಿ ಮರಳನ್ನು ಕೇರುತ್ತದೆ. ಹಗುರವಾದ ಬಿಳಿ ಕಣಗಳನ್ನು ಅಲೆ ಎಳೆದುಕೊಂಡು ಹೋಗುತ್ತದೆ. ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕದ ಮ್ಯಾಗ್ನೆಟೈಟ್, ಇಲ್ಮನೈಟ್ ಎಂಬ ಕಪ್ಪು ಖನಿಜಗಳು ದಡದಲ್ಲೇ ಉಳಿಯುತ್ತವೆ. ಕೇರಳದ ಕೊಲ್ಲಂ ಹತ್ತಿರದ ಚವರ ತೀರದ ಕಪ್ಪು ಮರಳು ಇಂಥದ್ದು. ನ್ಯೂಜಿಲೆಂಡಿನ ಉತ್ತರ ದ್ವೀಪದ ಪಶ್ಚಿಮ ತೀರದಲ್ಲಿ ಇಂಥ ಮರಳಿನಿಂದ ಉಕ್ಕನ್ನೇ ತಯಾರಿಸುತ್ತಾರೆ.

ಕೇರಳದ ಕಡೆಯ ಮರಳಿಗೆ ಒಂದು ಸ್ವಾರಸ್ಯದ ಕಥೆಯೂ ಇದೆ. ಆಗಿನ ತಿರುವಾಂಕೂರಿನಿಂದ ತೆಂಗಿನ ನಾರು ಯುರೋಪಿಗೆ ಹೋಗುತ್ತಿತ್ತು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಆ ನಾರಿಗೆ ಅಂಟಿದ್ದ ಮರಳನ್ನು ಪರೀಕ್ಷಿಸಿ, ಅದರಲ್ಲಿ ಮೋನಜೈಟ್ ಇರುವುದನ್ನು ಕಂಡುಹಿಡಿದ. ಆಗಿನ ಗ್ಯಾಸ್‌ಲೈಟಿನ ಮ್ಯಾಂಟಲಿಗೆ ಬೇಕಾಗಿದ್ದ ಥೋರಿಯಂ ಆ ಮೋನಜೈಟಿನಲ್ಲಿತ್ತು. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ಸಾಗುತ್ತಿದ್ದ ಗ್ಯಾಸ್‌ಲೈಟು ನೆನಪಿದೆಯಲ್ಲವೇ? ಅದರೊಳಗಿನ ಬಿಳಿ ಬಲೆಯೇ ಮ್ಯಾಂಟಲ್. ಯಾವುದೋ ಹಗ್ಗಕ್ಕೆ ಅಂಟಿದ ನಾಲ್ಕು ಕಾಳು ಮರಳು ಒಂದು ಸೀಮೆಯ ಚರಿತ್ರೆಯನ್ನೇ ಬದಲಿಸಿತು. ಆ ತೀರದಲ್ಲಿ ಇಂದಿಗೂ ಮರಳು ತೆಗೆಯುತ್ತಾರೆ. ಮರಳು ಹೋದಂತೆ ನಮ್ಮ ನೆಲವೂ ಹೋಗುತ್ತಿದೆ ಎಂದು ಅಲ್ಲಿನ ಅಲಪ್ಪಾಡ್ ಗ್ರಾಮದವರು ಹೋರಾಟ ನಡೆಸಿದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು.

ಆಮೆಗಳ ಅಂಗಳ

ಬೆಂಕಿಯ ದಾರಿಯಲ್ಲಿ ಹುಟ್ಟಿದ ಮರಳನ್ನು ನೋಡಬೇಕೆಂದರೆ ಹವಾಯಿಗೆ ಹೋಗಬೇಕು. ಪೆಸಿಫಿಕ್ ಸಾಗರದ ನಡುವೆ ಇರುವ ಈ ದ್ವೀಪಗಳು ಅಮೆರಿಕದ ಒಂದು ರಾಜ್ಯ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಬಿಗ್ ಐಲೆಂಡ್ ಎಂದೇ ಕರೆಯುತ್ತಾರೆ. ಇಡೀ ದ್ವೀಪವೇ ಜ್ವಾಲಾಮುಖಿಗಳು ಕಟ್ಟಿದ್ದು. ಮಗ ರಜೆ ಹಾಕಿ ನಮ್ಮಿಬ್ಬರನ್ನೂ, ಸೊಸೆ-ಮೊಮ್ಮಗಳನ್ನೂ ಅಲ್ಲಿಗೆ ಕರೆದೊಯ್ದ.

ದ್ವೀಪದ ದಕ್ಷಿಣ ಭಾಗದಲ್ಲಿ ಪುನಲೂ ಎಂಬ ಕಪ್ಪು ಬೀಚಿದೆ. ಹಿಂದೆ ತೆಂಗಿನ ಮರಗಳ ಸಾಲು, ಮುಂದೆ ನೀಲಿ ನೀರು, ನಡುವೆ ಕಾಡಿಗೆ ಹಚ್ಚಿದಂಥ ಮರಳು. ಅಲೆಯ ನೊರೆ ಆ ಕಪ್ಪಿನ ಮೇಲೆ ಬಂದಾಗ ಸ್ಲೇಟಿನ ಮೇಲೆ ಬಳಪದಲ್ಲಿ ಗೀಚಿದಂತೆ ಕಾಣುತ್ತದೆ. ನಮ್ಮ ಕಾಲದವರು ಮರಳಿನ ಮೇಲೂ ಸ್ಲೇಟಿನ ಮೇಲೂ ಅಕ್ಷರ ತಿದ್ದಿದವರು. ಇಲ್ಲಿ ಎರಡೂ ಒಂದೇ ಆಗಿತ್ತು.

ಬೆಳಗ್ಗೆ ತಂಪಾಗಿದ್ದ ಮರಳು ಹನ್ನೊಂದು ಗಂಟೆಗೆಲ್ಲ ಕಾದುಬಿಟ್ಟಿತು. ಕಪ್ಪು ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ನಮ್ಮಾಕೆ ಚಪ್ಪಲಿ ಕಳಚಿ ಎರಡು ಹೆಜ್ಜೆ ಇಟ್ಟವಳು, "ಇದರ ಮೇಲೆ ದೋಸೆ ಹುಯ್ಯಬಹುದು" ಎಂದು ಹಿಂದಕ್ಕೆ ಹಾರಿದಳು.

ಆದರೆ ಆ ಬಿಸಿಯನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಹಸಿರು ಕಡಲಾಮೆಗಳು! ಊಟದ ತಟ್ಟೆಗಿಂತ ಎಷ್ಟೋ ದೊಡ್ಡ ಬೆನ್ನಿನ ಆಮೆಗಳು ನೀರಿನಿಂದ ನಿಧಾನವಾಗಿ ಮೇಲೆ ಬಂದು, ಮರಳಿನ ಮೇಲೆ ಮೈ ಚಾಚಿ, ಊಟವಾದ ಮೇಲೆ ಜಗುಲಿಯಲ್ಲಿ ಒರಗುವ ಅಜ್ಜನಂತೆ ನಿದ್ದೆ ಹೋಗುತ್ತವೆ. ದೂರದಿಂದ ಬಂಡೆಯೆಂದೇ ಅನ್ನಿಸುತ್ತದೆ. ಮೊಮ್ಮಗಳು "ಅಜ್ಜ, ಆ ಕಲ್ಲು ಕಣ್ಣು ಬಿಡ್ತು!" ಎಂದು ಕೂಗಿದಳು. ಅವುಗಳ ಹತ್ತಿರ ಹೋಗಬಾರದು, ಮುಟ್ಟಬಾರದು ಎಂದು ಫಲಕ ಹಾಕಿದ್ದಾರೆ, ಬಂದವರು ಪಾಲಿಸುತ್ತಾರೆ ಕೂಡ. ಕಡಲಾಮೆಗಳ ಬಗ್ಗೆ ಇನ್ನೊಂದು ಆಶ್ಚರ್ಯದ ಸಂಗತಿ ಇದೆ. ಮೊಟ್ಟೆಯಿಂದ ಹೊರಬರುವುದು ಹೆಣ್ಣೋ ಗಂಡೋ ಎಂಬುದನ್ನು ಗೂಡಿನ ಮರಳಿನ ಬಿಸಿ ನಿರ್ಧರಿಸುತ್ತದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿಗಳೇ ಹೆಚ್ಚು. ನಮ್ಮ ಉತ್ತರ ಕನ್ನಡದ ತೀರಕ್ಕೆ ಬಂದು ಮೊಟ್ಟೆ ಇಡುವ ಆಲಿವ್ ರಿಡ್ಲೆ ಆಮೆಗಳಿಗೂ ಇದೇ ನಿಯಮ.

ಪುನಲೂ ಎಂಬ ಹೆಸರಿಗೂ ಒಂದು ಕಥೆ ಇದೆ. ಮುಳುಗಿ ತರುವ ಬುಗ್ಗೆ ಎಂಬಂಥ ಅರ್ಥ. ಮಳೆನೀರು ಲಾವಾ ಕಲ್ಲಿನಲ್ಲಿ ಇಂಗಿ, ನೆಲದಡಿಯಲ್ಲಿ ಹರಿದು, ಕೊಲ್ಲಿಯ ತಳದಲ್ಲಿ ಸಿಹಿನೀರ ಬುಗ್ಗೆಯಾಗಿ ಉಕ್ಕುತ್ತದೆ. ಹಿಂದಿನ ಕಾಲದ ಜನ ಸೋರೆ ಬುರುಡೆ ಹಿಡಿದು ಉಪ್ಪುನೀರಿನಲ್ಲಿ ಮುಳುಗಿ, ತಳದಿಂದ ಸಿಹಿನೀರು ತುಂಬಿಕೊಂಡು ಬರುತ್ತಿದ್ದರಂತೆ. ಈಜಲು ಇಳಿದವರಿಗೆ ಇಂದಿಗೂ ಒಮ್ಮೆಲೇ ಕಾಲಿಗೆ ತಣ್ಣನೆಯ ನೀರು ತಾಗುತ್ತದೆ.

ಒಂದು ಮುಷ್ಟಿಯ ಲೆಕ್ಕ

ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಹೋದ ಕಡೆಯಲ್ಲೆಲ್ಲ ಮರಳು ಸಂಗ್ರಹಿಸುವ ಹವ್ಯಾಸ. ಅವಳ ಕಪಾಟಿನಲ್ಲಿ ಕುಮಟಾದ ಮರಳು, ಚೆನ್ನೈ ಮರೀನಾದ ಮರಳು ಎಲ್ಲ ಪುಟ್ಟ ಬಾಟಲಿಗಳಲ್ಲಿ ಚೀಟಿ ಹಚ್ಚಿಸಿಕೊಂಡು ಕೂತಿವೆ. ಪುನಲೂವಿಗೂ ಜಾಮಿನ ಒಂದು ಖಾಲಿ ಬಾಟಲಿ ತಂದಿದ್ದಳು. ತುಂಬಿಕೊಂಡೂ ಆಯಿತು. ಆಗ ಅವಳ ಅಪ್ಪ, ಹವಾಯಿಯಲ್ಲಿ ಬೀಚಿನ ಮರಳನ್ನು ಒಯ್ಯುವುದು ಕಾನೂನಿಗೆ ವಿರುದ್ಧ ಎಂದ. ಮುಖ ಸಣ್ಣದಾಯಿತು. ನನ್ನ ಬಳಿ ಬಂದು, "ಒಂದೇ ಒಂದು ಮುಷ್ಟಿ ಅಲ್ವಾ ಅಜ್ಜ? ಇಷ್ಟೊಂದು ಇದೆಯಲ್ಲ, ಯಾರಿಗೆ ಗೊತ್ತಾಗುತ್ತೆ?" ಎಂದಳು. ಕಣ್ಣಲ್ಲಿ ನೀರು.

ಕಾನೂನು ಎಂದು ಗದರಿಸಿದರೆ ಮಕ್ಕಳು ಕೇಳಬಹುದು, ಆದರೆ ಒಪ್ಪುವುದಿಲ್ಲ. ನನಗೆ ಗೊತ್ತಿದ್ದದ್ದು ಲೆಕ್ಕ. ಅವಳನ್ನು ತೆಂಗಿನ ಮರದ ನೆರಳಿಗೆ ಕರೆದೊಯ್ದು ಕೂರಿಸಿದೆ.

"ಪುಟ್ಟಿ, ನಿನ್ನ ಮುಷ್ಟಿಯಲ್ಲಿ ನೂರು ಗ್ರಾಂ ಮರಳು ಇದೆ ಅಂದುಕೋ. ದಿನಕ್ಕೆ ಸಾವಿರ ಜನ ಬಂದು ಒಂದೊಂದು ಮುಷ್ಟಿ ಒಯ್ದರೆ ಎಷ್ಟಾಯಿತು?"

ಬೆರಳು ಮಡಚಿದಳು. "ನೂರು ಕಿಲೋ."

"ವರ್ಷಕ್ಕೆ?"

ಕಡ್ಡಿಯಿಂದ ಮರಳಿನ ಮೇಲೆಯೇ ಗುಣಿಸಿದಳು. "ಮೂವತ್ತಾರು ಸಾವಿರದ ಐನೂರು ಕಿಲೋ!"

"ಅಂದರೆ ಮೂವತ್ತಾರೂವರೆ ಟನ್ನು. ನಾಲ್ಕು ಲಾರಿ ತುಂಬ ಮರಳು. ಈಗ ಬ್ಯಾಂಕಿನ ಮಾತು ಕೇಳು. ನಿನ್ನ ಕುಮಟಾದ ಬೀಚಿಗೆ ಪ್ರತಿ ಮಳೆಗಾಲದಲ್ಲಿ ಹೊಳೆ ಹೊಸ ಮರಳು ತಂದು ಜಮಾ ಮಾಡುತ್ತೆ. ಇಲ್ಲಿ ಹಾಗಲ್ಲ. ಯಾವತ್ತೋ ಲಾವಾ ಬಂದಾಗ ಒಮ್ಮೆ ಜಮಾ ಆದದ್ದಷ್ಟೇ. ಆಮೇಲೆ ಖಾತೆಗೆ ದೊಡ್ಡ ಮೊತ್ತ ಬಂದೇ ಇಲ್ಲ. ಆದರೆ ಸಮುದ್ರ ಮಾತ್ರ ದಿನಾ ಖರ್ಚು ಬರೆಯುತ್ತಲೇ ಇದೆ. ಅಂಥ ಖಾತೆಯಿಂದ ನಾವೂ ತೆಗೆದರೆ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಆಮೆಗಳು ಎಲ್ಲಿ ಮಲಗ್ತವೆ?" ಎಂದಳು. ಅದು ನನಗೆ ಕೇಳಿದ ಪ್ರಶ್ನೆಯಲ್ಲ. ಎದ್ದು ಹೋಗಿ ಬಾಟಲಿಯನ್ನು ತಲೆಕೆಳಗು ಮಾಡಿ, ತಟ್ಟಿ ತಟ್ಟಿ, ಕೊನೆಯ ಕಾಳಿನವರೆಗೂ ಸುರಿದು ಬಂದಳು.

ಅದೇ ದ್ವೀಪದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಲೋಕದ ಮೂಲೆಮೂಲೆಯಿಂದ ಅಂಚೆಯಲ್ಲಿ ಪೊಟ್ಟಣಗಳು ಬರುತ್ತವೆ. ಒಳಗೆ ಕಲ್ಲು, ಮರಳು, ಜೊತೆಗೆ ಒಂದು ಕ್ಷಮಾಪಣೆ ಪತ್ರ. ಇಲ್ಲಿನ ಕಲ್ಲು ಒಯ್ದರೆ ಜ್ವಾಲಾಮುಖಿಯ ದೇವತೆ ಪೆಲೆ ಮುನಿಯುತ್ತಾಳೆ ಎಂಬ ಮಾತು ಪ್ರವಾಸಿಗರಲ್ಲಿ ಹಬ್ಬಿದೆ. ಕೈ ನೋವಾದವರು, ವ್ಯಾಪಾರದಲ್ಲಿ ಸೋತವರು ಹೆದರಿ ವಾಪಸು ಕಳಿಸುತ್ತಾರೆ. ಶಾಪದ ಮಾತು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನ ಮೊಮ್ಮಗಳಿಗೆ ಶಾಪದ ಅಗತ್ಯ ಬೀಳಲಿಲ್ಲ, ಗುಣಾಕಾರವೇ ಸಾಕಾಯಿತು.

ಕಲ್ಲಿನ ಮೇಲೆ ತೆಂಗಿನ ಸಸಿ

ಅದೇ ದ್ವೀಪದ ಪೂರ್ವಕ್ಕೆ ಕಲಪನಾ ಎಂಬ ಊರಿತ್ತು. ಇತ್ತು ಎಂದೇ ಹೇಳಬೇಕು. ಆ ಊರಿನ ಕೈಮೂ ಎಂಬ ಕಪ್ಪು ಬೀಚು ಒಂದು ಕಾಲಕ್ಕೆ ಹವಾಯಿಯ ಚಿತ್ರಪಟಗಳಲ್ಲೆಲ್ಲ ಕಾಣಿಸುತ್ತಿತ್ತಂತೆ. ಕಿಲಾವೆಯಾ ಜ್ವಾಲಾಮುಖಿ 1983ರ ಜನವರಿಯಲ್ಲಿ ಉಕ್ಕಲು ಶುರುಮಾಡಿದ್ದು 2018ರವರೆಗೆ, ಅಂದರೆ 35 ವರ್ಷ, ಹೆಚ್ಚುಕಡಿಮೆ ನಿಲ್ಲದೆ ಉಕ್ಕಿತು. 1990ರಲ್ಲಿ ಲಾವಾ ಕಲಪನಾಕ್ಕೆ ಬಂತು. ಓಡುತ್ತಾ ಬರಲಿಲ್ಲ, ನಡೆಯುತ್ತಾ ಬಂತು. ಜನರಿಗೆ ಸಾಮಾನು ಕಟ್ಟಲು ಸಮಯ ಸಿಕ್ಕಿತು. ಒಳಗೋಡೆಗಳಲ್ಲಿ ಬಣ್ಣದ ಚಿತ್ರಗಳಿದ್ದ ಊರಿನ ಇಗರ್ಜಿಯನ್ನು ಇಡಿಯಾಗಿ ಎತ್ತಿ ವಾಹನದ ಮೇಲಿಟ್ಟು ಬೇರೆಡೆಗೆ ಸಾಗಿಸಿದರು. ಮನೆಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಬೀಚನ್ನಂತೂ ಎತ್ತಿಡಲು ಬರುವುದಿಲ್ಲವಲ್ಲ! ಇಡೀ ಕೈಮೂ ಕೊಲ್ಲಿ ಹದಿನೈದು ಮೀಟರಿಗೂ ಹೆಚ್ಚು ದಪ್ಪದ ಲಾವಾದಡಿ ಮುಚ್ಚಿಹೋಯಿತು.

ನಾವು ಹೋದಾಗ ರಸ್ತೆ ಒಂದು ಕಡೆ ತಟ್ಟನೆ ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಸುಕ್ಕುಗಟ್ಟಿದ ಕಪ್ಪು ಕಲ್ಲಿನ ಬಯಲು. ಗಂಜಿ ಆರಿದಾಗ ಮೇಲೆ ಕೆನೆ ಮಡಚಿಕೊಳ್ಳುತ್ತದಲ್ಲ, ಕಲ್ಲು ಹಾಗೆ ಮಡಿಕೆ ಮಡಿಕೆಯಾಗಿತ್ತು. ಅದರ ಮೇಲಿನ ದಾರಿಯಲ್ಲಿ ಕೋಲೂರಿಕೊಂಡು ನಡೆದೆವು. ಕೊನೆಯಲ್ಲಿ ಸಮುದ್ರ, ಹೊಸ ಅಂಚು, ಅಲ್ಲೇ ಹೊಸದಾಗಿ ಹುಟ್ಟಿದ ಕಪ್ಪು ಮರಳು. ಆ ಮರಳಿನ ಪಕ್ಕದಲ್ಲಿ, ಕಲ್ಲಿನ ಸಂದಿಗಳಲ್ಲಿ ಸಾಲು ಸಾಲಾಗಿ ತೆಂಗಿನ ಸಸಿಗಳು!

ಊರು ಕಳೆದುಕೊಂಡ ಜನ ಮೊಳೆತ ತೆಂಗಿನಕಾಯಿಗಳನ್ನು ಹೊತ್ತು ತಂದು ನೆಡುತ್ತಾ ಬಂದಿದ್ದಾರೆ. ಕೆಲವು ಆಗಲೇ ಮರಗಳಾಗಿವೆ. ನಮ್ಮಾಕೆ ತೆಂಗಿನ ತೋಟದ ಮನೆಯ ಮಗಳು. ಒಂದು ಸಸಿಯ ಬುಡ ನೋಡಿದಳು, ಗರಿ ಮುಟ್ಟಿ ನೋಡಿದಳು. "ಮಣ್ಣೇ ಇಲ್ಲವಲ್ರೀ. ನೀರು ಯಾರು ಹಾಕ್ತಾರೆ ಇದಕ್ಕೆ?" ಎಂದಳು. ಮಗ, ಇಲ್ಲಿ ಮಳೆ ಜಾಸ್ತಿ, ಮಳೆಯೇ ಹಾಕುತ್ತೆ ಎಂದ. ಅವಳು ಆ ಬಯಲನ್ನೆಲ್ಲ ಒಮ್ಮೆ ನೋಡಿ, "ಮತ್ತೆ ಬೆಂಕಿ ಬಂದರೆ?" ಎಂದಳು. ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ. ತೆಂಗಿನ ಸಸಿ ನೆಟ್ಟವನು ಎಳನೀರು ಕುಡಿಯಲು ವರ್ಷಗಟ್ಟಲೆ ಕಾಯಬೇಕು ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎಲ್ಲವನ್ನೂ ಕಳೆದುಕೊಂಡ ಮೇಲೂ ಅಷ್ಟು ದೂರದ ದಿನಕ್ಕೆ ನೆಡುವುದಿದೆಯಲ್ಲ, ಅದು ಸಣ್ಣ ಮಾತಲ್ಲ.

2018ರಲ್ಲಿ ಕಿಲಾವೆಯಾ ಮತ್ತೆ ಜೋರಾಗಿ ಉಕ್ಕಿ 700ಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಆಗ ಪೊಹೊಯ್ಕಿ ಎಂಬಲ್ಲಿ ಲಾವಾ ದೋಣಿಕಟ್ಟೆಯ ಸಮೀಪಕ್ಕೆ ಬಂದು ನಿಂತುಬಿಟ್ಟಿತು. ಜನ ಉಸಿರು ಬಿಟ್ಟರು. ಆದರೆ ಲಾವಾ ಸಿಡಿದು ಆದ ಕಪ್ಪು ಮರಳು ದೋಣಿಕಟ್ಟೆಯ ಬಾಯಿಗೇ ತುಂಬಿಕೊಂಡಿತು. ಕೆಲವೇ ವಾರಗಳಲ್ಲಿ ಅಲ್ಲಿ ಹೊಸ ಬೀಚು! ಪ್ರವಾಸಿಗರಿಗೆ ಸಂಭ್ರಮ. ದೋಣಿ ಇಳಿಸಲಾಗದ ಮೀನುಗಾರರಿಗೆ ಸಂಕಟ. ನಾವು ಚೆಂದ ಎಂದು ಫೋಟೋ ತೆಗೆಯುವ ಜಾಗ ಅಲ್ಲಿನವರ ಪಾಲಿಗೆ ಏನಾಗಿತ್ತು ಎಂದು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು.

ಕಡಲಿಗೆ ಬೆನ್ನು ಹಾಕಬೇಡಿ

ಇನ್ನು ಐಸ್‌ಲ್ಯಾಂಡ್. ಲಂಡನ್ನಿನ ಮಗಳು ಒಂದು ಜೂನ್ ತಿಂಗಳಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ದಳು. ಜೂನ್ ಎಂದರೂ ಮೈ ತುಂಬ ಸ್ವೆಟರ್, ಅದರ ಮೇಲೆ ಕೋಟು. ರಾತ್ರಿ ಹನ್ನೊಂದಾದರೂ ಬೆಳಕು. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 180 ಕಿ.ಮೀ. ದೂರದಲ್ಲಿ ವೀಕ್ ಎಂಬ ಪುಟ್ಟ ಊರು. ಅದರ ಹತ್ತಿರವೇ ರೇನಿಸ್‌ಫ್ಯಾರಾ ಎಂಬ ಕಪ್ಪು ತೀರ.

ಹವಾಯಿಯ ಕಪ್ಪು ಬೀಚು ಆಮೆಯಂತೆ ಸಾಧು. ಇದು ಹಾಗಲ್ಲ, ಗಂಭೀರ. ದಡದಲ್ಲಿ ಶಿಲ್ಪಿ ಕಡೆದು ಜೋಡಿಸಿದಂಥ ಕಪ್ಪು ಕಲ್ಲುಕಂಬಗಳ ಗೋಡೆ. ನೀರಿನ ನಡುವೆ ಈಟಿಯಂತೆ ಎದ್ದ ಕಡಿದಾದ ಬಂಡೆಗಳು. ಇಬ್ಬರು ರಾಕ್ಷಸರು ರಾತ್ರಿಯಲ್ಲಿ ಹಡಗೊಂದನ್ನು ದಡಕ್ಕೆ ಎಳೆಯುತ್ತಿದ್ದರಂತೆ. ಅಷ್ಟರಲ್ಲಿ ಬೆಳಗಾಗಿ, ಸೂರ್ಯನ ಬೆಳಕು ತಾಗಿದ್ದೇ ಕಲ್ಲಾಗಿಬಿಟ್ಟರಂತೆ. ಆ ಬಂಡೆಗಳನ್ನು ತೋರಿಸಿ ಅಲ್ಲಿನವರು ಹೇಳುವ ಕಥೆ ಇದು.

ಆ ಕಂಬಗಳನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಲಾವಾ ನಿಧಾನವಾಗಿ ಆರುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವ ಹಾಗೆಯೇ. ಆ ಬಿರುಕು ಆಳಕ್ಕೆ ಇಳಿದರೆ ಹೀಗೆ ಕಂಬಗಳಾಗುತ್ತವೆ. ನಮ್ಮ ಮಲ್ಪೆಯ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಕಂಬಗಳ ಮುಂದೆ ಐಸ್‌ಲ್ಯಾಂಡಿನವು ಹಸುಗೂಸುಗಳು!

ಆ ತೀರದ ಅಲೆಗಳ ಬಗ್ಗೆ ಹೇಳಲೇಬೇಕು. ಸಣ್ಣ ಸಣ್ಣ ಅಲೆಗಳು ಬಂದು ಹೋಗುತ್ತಿರುತ್ತವೆ. ನೋಡುವವನಿಗೆ ಧೈರ್ಯ ಬರುತ್ತದೆ. ಆಗ ಯಾವ ಸೂಚನೆಯೂ ಇಲ್ಲದೆ ಒಂದು ಅಲೆ ಎಲ್ಲಕ್ಕಿಂತ ಬಹಳ ಮೇಲಕ್ಕೆ ನುಗ್ಗಿ ಬರುತ್ತದೆ. ಕಳ್ಳ ಅಲೆ ಎನ್ನಬಹುದು. ದಡದಿಂದ ಸ್ವಲ್ಪವೇ ಮುಂದೆ ನೀರು ಒಮ್ಮೆಲೇ ಆಳವಾಗಿರುವುದರಿಂದ, ಹಿಂದಕ್ಕೆ ಸರಿಯುವ ಅಲೆ ಮನುಷ್ಯನನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಅಲ್ಲಿ ಪ್ರವಾಸಿಗರು ಜೀವ ಕಳೆದುಕೊಂಡಿದ್ದಾರೆ, ಮಕ್ಕಳೂ ಸೇರಿದಂತೆ. ಆದ್ದರಿಂದ ದಾರಿಯಲ್ಲೇ ದೊಡ್ಡ ಫಲಕ, ಅಲೆಯ ಮುನ್ಸೂಚನೆ ಹೇಳುವ ಎಚ್ಚರಿಕೆ ದೀಪ ಇಟ್ಟಿದ್ದಾರೆ.

ನಾವು ಅಲ್ಲಿದ್ದಾಗಲೇ ಒಂದು ಯುವ ಜೋಡಿ ನೀರಿಗೆ ಬೆನ್ನು ಮಾಡಿ ಫೋನು ಹಿಡಿದು ನಗುತ್ತಾ ನಿಂತಿತ್ತು. ಅಲೆ ಬಂತು. ಮೊಣಕಾಲು ದಾಟಿತು. ಪಕ್ಕದಲ್ಲಿದ್ದ ಗಟ್ಟಿಮುಟ್ಟಾದ ವ್ಯಕ್ತಿಯೊಬ್ಬರು ಆ ಹುಡುಗಿಯ ಕೋಟು ಹಿಡಿದು ಎಳೆದರು. ಎರಡು ಕ್ಷಣ, ಅಷ್ಟೇ. ಫೋನು ಹೋಯಿತು, ಜೀವ ಉಳಿಯಿತು. ಇಡೀ ತೀರ ಮೌನವಾಯಿತು. ನಮ್ಮಾಕೆ ನನ್ನ ತೋಳು ಬಿಡಲೇ ಇಲ್ಲ.

ತಿಳಮಾತಿಯ ದಾರಿ ಹೇಳಿದ ಆ ಕಾರವಾರದ ಮೀನುಗಾರರು ಅಂದೇ ಹೇಳಿದ್ದರು: "ಕಡಲಿಗೆ ಬೆನ್ನು ಹಾಕಬಾರದು ಸಾರ್. ಹಿರಿಯರ ಮುಂದೆ ಬೆನ್ನು ಹಾಕಿ ನಿಲ್ಲುತ್ತೇವೆಯೇ?" ಐಸ್‌ಲ್ಯಾಂಡಿನ ಫಲಕದಲ್ಲೂ ಅದೇ ಮಾತಿತ್ತು. ಗೋಕರ್ಣ, ಮುರುಡೇಶ್ವರದ ಕಡೆ ಮಳೆಗಾಲದಲ್ಲಿ ನೀರಿಗಿಳಿಯುವ ನಮ್ಮ ಹುಡುಗರಿಗೂ ಈ ಮಾತು ಸಲ್ಲುತ್ತದೆ.

ಬರುವುದೂ ಹೋಗುವುದೂ

ವೀಕ್ ಊರಿನ ಹಿಂದೆ ಹಿಮನದಿ, ಅದರಡಿ ಕಾತ್ಲಾ ಎಂಬ ಜ್ವಾಲಾಮುಖಿ. 1918ರಲ್ಲಿ ಅದು ಸಿಡಿದಾಗ ಬೆಂಕಿಯ ಬಿಸಿಗೆ ಮಂಜು ಕರಗಿ, ಮರಳು-ಬೂದಿ-ಮಂಜುಗಡ್ಡೆ ಬೆರೆತ ಭಾರಿ ಪ್ರವಾಹ ಸಮುದ್ರಕ್ಕೆ ನುಗ್ಗಿತು. ಅದು ತಂದು ಸುರಿದ ಕಪ್ಪು ಮರಳಿನಿಂದ ಕರಾವಳಿಯೇ ಒಂದು ಕಡೆ ಸುಮಾರು 5 ಕಿ.ಮೀ. ಸಮುದ್ರದೊಳಕ್ಕೆ ಮುಂದೆ ಹೋಯಿತು. ಒಂದೇ ಬಾರಿಗೆ ಬಂದ ದೊಡ್ಡ ಜಮಾ! ಅಂದಿನಿಂದ ಸಮುದ್ರ ಅದನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ಒಯ್ಯುತ್ತಲೇ ಇದೆ. ಊರನ್ನು ಉಳಿಸಲು ಕಲ್ಲಿನ ತಡೆ ಕಟ್ಟಿದ್ದಾರೆ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಈ ಚಿತ್ರ ಹೊಸದಲ್ಲ. ಕಾತ್ಲಾ ಮತ್ತೆ ಸಿಡಿದರೆ ಓಡಿ ಸೇರಬೇಕಾದ ಜಾಗ ಗುಡ್ಡದ ಮೇಲಿನ ಇಗರ್ಜಿ ಎಂದು ಊರಿನ ಮಕ್ಕಳಿಗೂ ಗೊತ್ತು.

ಇದನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದಿಷ್ಟು. ಬೆಟ್ಟ-ಬಂಡೆಗಳು ನಮಗಿಂತ ಬಹಳ ಹಳೆಯವು ಎಂದು ನಾವು ತಿಳಿದಿರುತ್ತೇವೆ. ಆದರೆ ಈ ಕಪ್ಪು ತೀರಗಳಲ್ಲಿ ಕೆಲವು ನನಗಿಂತ ಚಿಕ್ಕವು, ಪೊಹೊಯ್ಕಿಯ ಬೀಚಂತೂ ನನ್ನ ಮೊಮ್ಮಗಳಿಗಿಂತ ಚಿಕ್ಕದು. ಹುಟ್ಟುತ್ತವೆ, ಕೆಲವು ಕಾಲ ಆಮೆಗಳಿಗೂ ಮನುಷ್ಯರಿಗೂ ಜಾಗ ಕೊಡುತ್ತವೆ, ಹೋಗುತ್ತವೆ. ಇರುವಷ್ಟು ದಿನ ನೋಡಿ ಸಂತೋಷಪಡಬೇಕು, ನಮ್ಮ ಕೈಯಿಂದ ಅವುಗಳ ಆಯುಷ್ಯ ಕಡಿಮೆಯಾಗಬಾರದು.

ತಿಳಮಾತಿಗೆ ಹೋಗುವವರಿಗೆ ಎರಡು ಮಾತು. ಮಳೆಗಾಲ ಬೇಡ, ಬಂಡೆ ಜಾರುತ್ತದೆ. ಬೆಳಗ್ಗೆಯೇ ಹೊರಡಿ, ಗಟ್ಟಿ ಚಪ್ಪಲಿ ಹಾಕಿ, ಕುಡಿಯುವ ನೀರು ಒಯ್ಯಿರಿ. ಒಯ್ದ ಬಾಟಲಿಯನ್ನು ವಾಪಸು ತನ್ನಿ. ಮಂಡಿ ನೋವಿನ ಅಜ್ಜ-ಅಜ್ಜಿಯರು ಗುಡ್ಡ ಹತ್ತುವ ಸಾಹಸ ಮಾಡದೆ ಮಾಜಾಳಿಯ ಬೀಚಿನಲ್ಲೇ ಕುಳಿತು, ಮೊಮ್ಮಕ್ಕಳು ಬಂದು ಹೇಳುವ ಕಥೆ ಕೇಳಬಹುದು.

ಎಲ್ಲಿಗೂ ಹೋಗಲಾಗದ ಮಕ್ಕಳು ಬೇಸರಪಡಬೇಕಿಲ್ಲ. ಒಂದು ಅಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಬೀದಿಯಲ್ಲಿ ಮನೆ ಕಟ್ಟಲು ತಂದು ಸುರಿದ ಹೊಳೆ ಮರಳು ಒಣಗಿರುವಾಗ, ಯಜಮಾನರನ್ನು ಕೇಳಿ, ಅದರಲ್ಲಿ ಅಯಸ್ಕಾಂತವನ್ನು ಮೆಲ್ಲಗೆ ಆಡಿಸಿ. ಕಪ್ಪು ಕಾಳುಗಳು ಮೀಸೆಯಂತೆ ಅಂಟಿಕೊಂಡು ಬರುವ ಸಾಧ್ಯತೆ ಇದೆ. ಕಾಗದದ ಮೇಲೆ ಹಿಡಿದು ಚೀಲದಿಂದ ಅಯಸ್ಕಾಂತವನ್ನು ಹೊರಗೆಳೆಯಿರಿ, ಕಾಳುಗಳು ಉದುರುತ್ತವೆ. ಅದೇ ಮ್ಯಾಗ್ನೆಟೈಟ್. ಸಮುದ್ರ ಮೊರ ಹಿಡಿದು ಕೇರುವ ಕೆಲಸವನ್ನು ನೀವು ಅಯಸ್ಕಾಂತ ಹಿಡಿದು ಮಾಡಿದಿರಿ, ಅಷ್ಟೇ.

ಕಳೆದ ಬೇಸಿಗೆ ರಜೆಗೆ ಊರಿಗೆ ಬಂದಿದ್ದ ಮೊಮ್ಮಗಳು ಪಕ್ಕದ ಮನೆಯವರ ಮರಳ ರಾಶಿಯ ಮುಂದೆ ಮೂರು ದಿನ ಕುಕ್ಕರಗಾಲಲ್ಲಿ ಕೂತು ಅರ್ಧ ಚಮಚದಷ್ಟು ಕೂಡಿಸಿದಳು. ಬಾಟಲಿಗೆ ಹಾಕಿ, ಚೀಟಿ ಹಚ್ಚಿ, ಮೇಲೆ ‘ನಮ್ಮ ಬೀದಿ’ ಎಂದು ಬರೆದಿದ್ದಾಳೆ.